ಪುಣೆಯ ಇಡುಗಂಟು: ಸಣ್ಣ ಹಣದ ಒಂದು ಚರಿತ್ರೆ

ಹೂಡಿಕೆ ಎಂಬ ಪದವನ್ನು ನಾವು ಈಗ ಹಣಕ್ಕೇ ಮೀಸಲಿಟ್ಟಂತೆ ಬಳಸುತ್ತೇವೆ. ಆದರೆ ಹೂಡುವುದು ಕನ್ನಡದಲ್ಲಿ ಹಳೆಯ ಕೆಲಸ. ಎತ್ತುಗಳನ್ನು ನೊಗಕ್ಕೆ ಹೂಡುತ್ತೇವೆ, ಬಿಲ್ಲಿಗೆ ಬಾಣವನ್ನು ಹೂಡುತ್ತೇವೆ, ಸಂಸಾರವನ್ನು ಹೂಡುತ್ತೇವೆ. ಪುಣೆಯಲ್ಲಿ ನೆಲೆಸಿದ ಕನ್ನಡಿಗರ ಕಿವಿಗೆ ದಿನವೂ ಬೀಳುವ ಮರಾಠಿ ಪದ 'ಗುಂತವಣೂಕ'. ಅದರ ಬೇರಿನಲ್ಲಿರುವುದು ತೊಡಗಿಕೊಳ್ಳುವ, ಸಿಕ್ಕಿಕೊಳ್ಳುವ ಅರ್ಥ. ಇವೆರಡರ ನಡುವೆ 'ಠೇವಣಿ' ಇದೆ. ಇಡು ಎಂಬ ಅರ್ಥದ ಮರಾಠಿ ಕ್ರಿಯಾಪದದಿಂದ ಹುಟ್ಟಿ ಕನ್ನಡಕ್ಕೆ ಬಂದ ಈ ಪದಕ್ಕೆ ನಮ್ಮದೇ ಆದ 'ಇಡುಗಂಟು' ಸಮೀಪದ ನಂಟ. ಇಟ್ಟ ಹಣ, ಹೂಡಿದ ಹಣ, ಸಿಕ್ಕಿಕೊಂಡ ಹಣ ಎಂಬ ಈ ಮೂರು ಅವಸ್ಥೆಗಳ ಭೇದವನ್ನು ಅರಿಯದವನಿಗೆ ಬಡ್ಡಿಯ ದರ ಎಷ್ಟೆಂದು ತಿಳಿದರೂ ಹೆಚ್ಚಿನ ಪ್ರಯೋಜನವಿಲ್ಲ.

ತಿಂಗಳಿಗೆ ಐನೂರೋ ಸಾವಿರವೋ ಉಳಿಸಬಲ್ಲ ಹೊಸಬರಿಗಾಗಿ ಬರೆದ ಕೈಪಿಡಿಗಳು ಸಾಮಾನ್ಯವಾಗಿ ಲಾಭದಿಂದ ಆರಂಭವಾಗುತ್ತವೆ. ನಾವು ಇಲ್ಲಿ ಚರಿತ್ರೆಯಿಂದ ಆರಂಭಿಸಲು ಬಯಸುತ್ತೇವೆ. ಅದಕ್ಕೆ ಪುಣೆಗಿಂತ ತಕ್ಕ ನೆಲೆ ವಿರಳ. ಕಳೆದ ನೂರೈವತ್ತು ವರ್ಷಗಳಲ್ಲಿ ಸಣ್ಣವರ ಹಣವನ್ನು ಕೂಡಿಸುವ ಬಹುತೇಕ ಎಲ್ಲ ಬಗೆಯ ಪ್ರಯತ್ನಗಳನ್ನೂ ಈ ನಗರ ಮತ್ತು ಅದರ ಸುತ್ತಲಿನ ಸೀಮೆ ಕಂಡಿವೆ. ಇಂದು ಸಣ್ಣ ಉಳಿತಾಯಗಾರನಿಗೆ ಇರುವ ಒಂದೊಂದು ರಕ್ಷಣೆಯೂ ಹಿಂದಿನ ಯಾರೋ ಕಳೆದುಕೊಂಡ ಹಣದಿಂದ ಬಂದದ್ದು ಎಂಬುದು ಈ ಚರಿತ್ರೆಯನ್ನು ಓದಿದಾಗ ನಮಗೆ ಮನವರಿಕೆಯಾಗುತ್ತದೆ.

1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಎಂಬ ಸಂತೆಯೂರಿನಲ್ಲಿ ರೈತರು ಸಾಹುಕಾರರ ಅಂಗಡಿಗಳಿಗೆ ನುಗ್ಗಿದರು. ಅವರು ಮುಖ್ಯವಾಗಿ ಬಯಸಿದ್ದು ಲೆಕ್ಕದ ಪುಸ್ತಕಗಳನ್ನೂ ಸಾಲಪತ್ರಗಳನ್ನೂ. ಕೈಗೆ ಸಿಕ್ಕ ಪತ್ರಗಳನ್ನು ಸುಟ್ಟರು. ಅಮೆರಿಕದ ಅಂತರ್ಯುದ್ಧದ ದಿನಗಳಲ್ಲಿ ಏರಿದ್ದ ಹತ್ತಿಯ ಬೆಲೆ ಯುದ್ಧ ಮುಗಿದ ಬಳಿಕ ಕುಸಿದಿತ್ತು, ಭೂಕಂದಾಯ ಏರಿತ್ತು, ಬೆಲೆ ಚೆನ್ನಾಗಿದ್ದಾಗ ಧಾರಾಳವಾಗಿ ಸಾಲ ಕೊಟ್ಟ ಸಾಹುಕಾರರು ಈಗ ವಸೂಲಿಗೆ ನಿಂತಿದ್ದರು. ಓದಲು ಬಾರದ ರೈತ ತಾನು ಹೆಬ್ಬೆಟ್ಟೊತ್ತಿದ ಕಾಗದದಲ್ಲಿ ಏನು ಬರೆದಿದೆ ಎಂಬುದನ್ನು ನ್ಯಾಯಾಲಯದಲ್ಲಿಯೇ ಮೊದಲ ಬಾರಿಗೆ ತಿಳಿಯುವಂತಾಗಿತ್ತು.

ಈ ಗಲಭೆಯ ಫಲವಾಗಿ 1879ರಲ್ಲಿ ದಖ್ಖನ್ ರೈತರ ಪರಿಹಾರ ಕಾಯಿದೆ ಬಂದಿತು. ಪುಣೆ, ಅಹಮದನಗರ, ಸಾತಾರ ಮತ್ತು ಕನ್ನಡ ಮಾತಾಡುವವರು ಇಂದಿಗೂ ಬಹುಸಂಖ್ಯೆಯಲ್ಲಿರುವ ಸೊಲ್ಲಾಪುರ, ಈ ನಾಲ್ಕು ಜಿಲ್ಲೆಗಳಿಗೆ ಅದು ಅನ್ವಯಿಸಿತು. ರೈತರ ಸಾಲಪತ್ರಗಳನ್ನು ಗ್ರಾಮದ ನೋಂದಣಿ ಅಧಿಕಾರಿಯ ಎದುರಿನಲ್ಲಿ ಬರೆಯಿಸಬೇಕೆಂಬುದು ಅದರ ನಿಯಮಗಳಲ್ಲಿ ಒಂದು. ಸಾಲದ ವಿಷಯದಲ್ಲಿ ಹುಟ್ಟಿದ ಈ ಪಾಠ ಉಳಿತಾಯಕ್ಕೂ ಸಲ್ಲುತ್ತದೆ. ಇಂದು ಬ್ಯಾಂಕಿನ ಮೇಜಿನ ಮೇಲೆ ಠೇವಣಿಯೆಂದು ತಿಳಿದು ಸಹಿ ಹಾಕಿದ ಕಾಗದ ಹದಿನೈದು ವರ್ಷದ ವಿಮಾ ಪಾಲಿಸಿಯಾಗಿ ಹೊರಬಿದ್ದ ಪ್ರಸಂಗಗಳನ್ನು ನಮ್ಮ ಪರಿಚಿತರ ಬಾಯಲ್ಲಿಯೇ ಕೇಳಿದ್ದೇವೆ. ಹೆಬ್ಬೆಟ್ಟಿನ ಜಾಗದಲ್ಲಿ ಸಹಿ ಬಂದಿದೆ, ಮೊಬೈಲಿಗೆ ಬರುವ ಗುಪ್ತಸಂಖ್ಯೆ ಬಂದಿದೆ. ಓದದೆ ಒಪ್ಪುವ ಅಭ್ಯಾಸ ಹೋಗಿಲ್ಲ.

ರೈತನನ್ನು ಸಾಹುಕಾರನಿಂದ ಬಿಡಿಸಬೇಕಾದರೆ ಬೇರೊಂದು ಹಣದ ಮೂಲ ಬೇಕಲ್ಲವೇ? ಈ ಪ್ರಶ್ನೆಯನ್ನು ಪುಣೆಯಲ್ಲಿ ಗಂಭೀರವಾಗಿ ಎತ್ತಿಕೊಂಡವರು ನ್ಯಾಯಾಧೀಶರಾಗಿದ್ದ ಮಹಾದೇವ ಗೋವಿಂದ ರಾನಡೆ ಮತ್ತು ಆಡಳಿತಾಧಿಕಾರಿ ವಿಲಿಯಂ ವೆಡರ್‌ಬರ್ನ್. ಪುರಂದರ ತಾಲ್ಲೂಕಿನಲ್ಲಿ ಒಂದು ಕೃಷಿ ಬ್ಯಾಂಕನ್ನು ಪ್ರಯೋಗಾರ್ಥವಾಗಿ ತೆರೆಯುವ ಯೋಜನೆಯನ್ನು ಅವರು 1882ರ ಸುಮಾರಿಗೆ ರೂಪಿಸಿದರು. ಭಾರತ ಸರಕಾರ ಒಪ್ಪಿತು. ಲಂಡನ್ನಿನಲ್ಲಿದ್ದ ಭಾರತ ಸಚಿವರು ಒಪ್ಪಲಿಲ್ಲ. ಯೋಜನೆ ಅಲ್ಲಿಗೇ ನಿಂತಿತು. ಅದೇ 1882ರಲ್ಲಿ ಅಂಚೆ ಕಚೇರಿಗಳಲ್ಲಿ ಉಳಿತಾಯ ಬ್ಯಾಂಕು ದೇಶದಾದ್ಯಂತ ಆರಂಭವಾಯಿತು. ಹೆಚ್ಚು ಸದ್ದಿಲ್ಲದೆ ಬಂದ ಈ ವ್ಯವಸ್ಥೆಯಲ್ಲಿ ಹಣವನ್ನು ಹಿಂದಿರುಗಿಸುವ ಹೊಣೆ ಸರಕಾರದ್ದು. ಬೆಳವಣಿಗೆ ನಿಧಾನ, ಆದರೆ ಗಂಟು ಕಳೆದುಹೋಗುವ ಭಯವಿಲ್ಲ. ಸಣ್ಣ ಉಳಿತಾಯಗಾರನ ಮೊದಲ ಮೆಟ್ಟಿಲು ಇಂದಿಗೂ ಇದೇ ಎಂಬುದರಲ್ಲಿ ಅಚ್ಚರಿಯಿಲ್ಲ.

ರಾನಡೆಯವರ ಯೋಜನೆಗೆ ಸಿಗದ ಅವಕಾಶ ಇಪ್ಪತ್ತೆರಡು ವರ್ಷಗಳ ನಂತರ ಬೇರೆ ರೂಪದಲ್ಲಿ ಬಂದಿತು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಜಾರಿಯಾಯಿತು. ಆಗ ಪುಣೆಯೂ ಧಾರವಾಡವೂ ಮುಂಬಯಿ ಪ್ರಾಂತಕ್ಕೇ ಸೇರಿದ್ದವು. ಪ್ರಾಂತದ ದಕ್ಷಿಣ ಭಾಗದಲ್ಲಿ, ಗದಗಿನ ಬಳಿಯ ಕಣಗಿನಹಾಳದಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ 1905ರಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಸ್ಥಾಪನೆಯಾಯಿತು. ಮರುವರ್ಷ ಪುಣೆಯಲ್ಲಿ ಕಾಸ್ಮೊಸ್ ಸಹಕಾರಿ ಬ್ಯಾಂಕು ಹುಟ್ಟಿತು. ಹಳ್ಳಿಯ ಸಂಘಗಳಲ್ಲಿ ಸಾಮಾನ್ಯವಾಗಿ ಸದಸ್ಯರ ಹೊಣೆಗೆ ಮಿತಿಯಿರಲಿಲ್ಲ. ಅಂದರೆ ಸಂಘ ಮುಳುಗಿದರೆ ಅದರ ಸಾಲವನ್ನು ತೀರಿಸುವ ಭಾರ ಸದಸ್ಯರೆಲ್ಲರ ಮೇಲೆ. ನೆರೆಯವನು ಸಾಲವನ್ನು ಹೇಗೆ ಬಳಸುತ್ತಾನೆ ಎಂದು ಪ್ರತಿಯೊಬ್ಬನೂ ಕಣ್ಣಿಟ್ಟಿರಬೇಕೆಂಬುದು ಅದರ ಹಿಂದಿನ ವಿಚಾರ. ಸಹಕಾರವೆಂದರೆ ಬರಿಯ ನಂಬಿಕೆಯಲ್ಲ, ನಂಬಿಕೆಯ ಜೊತೆಗಿನ ನಿಗಾ. ಈ ಎರಡನೆಯ ಮಾತನ್ನು ಮುಂದಿನ ತಲೆಮಾರುಗಳು ಹೆಚ್ಚಾಗಿ ಮರೆತವು.

ಇದೇ ಕಾಲದಲ್ಲಿ ಪುಣೆಯಲ್ಲಿ ಇನ್ನೊಂದು ಅಪೂರ್ವ ಪ್ರಯತ್ನ ನಡೆಯಿತು. ಅಂತಾಜಿ ದಾಮೋದರ ಕಾಳೆ ಎಂಬವರು ತಲೆಗೊಂದು ಪೈಸೆಯಂತೆ ಕೂಡಿಸಿ ದೇಶದ ಕೈಗಾರಿಕೆಗೆ ಬಂಡವಾಳ ಒದಗಿಸುವ ಕನಸು ಕಂಡರು. ಲೋಕಮಾನ್ಯ ತಿಲಕರ ಬೆಂಬಲ ಅದಕ್ಕೆ ದೊರೆಯಿತು. 'ಪೈಸಾ ಫಂಡ್' ಎಂದು ಹೆಸರಾದ ಈ ನಿಧಿಯಿಂದ 1908ರಲ್ಲಿ ಪುಣೆಯ ಸಮೀಪದ ತಳೇಗಾಂವ್‌ನಲ್ಲಿ ಗಾಜಿನ ಕಾರ್ಖಾನೆ ಆರಂಭವಾಯಿತು. ಅದು ಕಾರ್ಖಾನೆಯೂ ಹೌದು, ಗಾಜಿನ ಕೆಲಸವನ್ನು ಕಲಿಸುವ ಶಾಲೆಯೂ ಹೌದು. ಒಂದು ಪೈಸೆಯಿಂದ ಏನಾದೀತು ಎಂಬ ತಾತ್ಸಾರಕ್ಕೆ ತಳೇಗಾಂವ್ ಉತ್ತರ ಕೊಟ್ಟಿತು.

ಆದರೆ ಇಲ್ಲಿ ನಾವು ಒಂದು ಭೇದವನ್ನು ಗಮನಿಸಬೇಕು. ಪೈಸಾ ಫಂಡಿಗೆ ಕೊಟ್ಟ ಪೈಸೆ ದಾನ. ಕೊಟ್ಟವನು ಅದನ್ನು ಮರಳಿ ಕೇಳಲಿಲ್ಲ, ಲಾಭದಲ್ಲಿ ಪಾಲನ್ನೂ ಬಯಸಲಿಲ್ಲ. ಸಹಕಾರ ಸಂಘಕ್ಕೆ ಕೊಟ್ಟ ಪಾಲುಹಣ ಒಡೆತನ. ಅದರಲ್ಲಿ ಲಾಭವೂ ಉಂಟು, ನಷ್ಟವೂ ಉಂಟು. ಅಂಚೆಯ ಖಾತೆಗೆ ಕಟ್ಟಿದ್ದು ಠೇವಣಿ. ಅದನ್ನು ಮರಳಿ ಪಡೆಯುವುದು ಹಕ್ಕು. ಇವು ಮೂರೂ ಒಂದೇ ನಗರದಲ್ಲಿ, ಒಂದೇ ಉತ್ಸಾಹದ ದಿನಗಳಲ್ಲಿ, ಒಂದೇ ಜನರ ಜೇಬಿನಿಂದ ಹೊರಟದ್ದರಿಂದ ಅವುಗಳ ನಡುವಣ ಗೆರೆ ಮಸುಕಾಗುವುದು ಸುಲಭವಾಗಿತ್ತು. ನಾಡಿನ ಅಭಿಮಾನಕ್ಕೋ ಸಮುದಾಯದ ಅಭಿಮಾನಕ್ಕೋ ಕಟ್ಟುಬಿದ್ದು ಠೇವಣಿಯಿಡುವವನು ತಾನು ಕೊಡುತ್ತಿರುವುದು ದಾನವೋ ಸಾಲವೋ ಎಂದು ತನ್ನನ್ನೇ ಕೇಳಿಕೊಳ್ಳಬೇಕು.

ಇದಕ್ಕೆ ಸ್ವದೇಶಿ ದಿನಗಳ ಬ್ಯಾಂಕುಗಳೇ ನಿದರ್ಶನ. 1906ರಲ್ಲಿ ಕರಾವಳಿಯಲ್ಲಿ ಎರಡು ಸಂಸ್ಥೆಗಳು ಹುಟ್ಟಿದವು. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ನೇತೃತ್ವದಲ್ಲಿ ಆರಂಭವಾಗಿ ಮುಂದೆ ಕಾರ್ಪೊರೇಶನ್ ಬ್ಯಾಂಕ್ ಎನಿಸಿದ ಸಂಸ್ಥೆಯಲ್ಲಿ ಮೊದಲ ದಿನದ ಕೊನೆಗೆ ಕೂಡಿದ್ದು 38 ರೂಪಾಯಿ 13 ಆಣೆ 2 ಪೈ. ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ತೆರೆದ ನಿಧಿಯೇ ಇಂದಿನ ಕೆನರಾ ಬ್ಯಾಂಕು. ಅದೇ 1906ರಲ್ಲಿ ಮುಂಬಯಿಯಲ್ಲಿ ಇಂಡಿಯನ್ ಸ್ಪೀಸೀ ಬ್ಯಾಂಕ್ ಸಹ ಸ್ಥಾಪನೆಯಾಯಿತು; ಬಹು ವೇಗವಾಗಿ ಬೆಳೆಯಿತು; ಬೆಳ್ಳಿಯ ಸಟ್ಟಾ ವ್ಯವಹಾರದಲ್ಲಿ ತೊಡಗಿ 1913ರಲ್ಲಿ ಮುಳುಗಿತು. ಆ ವರ್ಷ ಲಾಹೋರಿನ ಪೀಪಲ್ಸ್ ಬ್ಯಾಂಕ್ ಮೊದಲಾಗಿ ದೇಶದಲ್ಲಿ ಹಲವಾರು ಬ್ಯಾಂಕುಗಳು ಬಾಗಿಲು ಮುಚ್ಚಿದವು. ಹುಟ್ಟಿದ ವರ್ಷ ಒಂದೇ, ಸ್ವದೇಶಿಯ ಭಾವನೆಯೂ ಒಂದೇ. ಠೇವಣಿದಾರನ ಹಣ ಉಳಿಯಿತೇ ಅಳಿಯಿತೇ ಎಂಬುದನ್ನು ನಿರ್ಧರಿಸಿದ್ದು ಬ್ಯಾಂಕು ಆ ಹಣವನ್ನು ಎಲ್ಲಿ ತೊಡಗಿಸಿತು ಎಂಬುದು.

ಮುಂದಿನ ಎರಡು ದಶಕಗಳಲ್ಲಿ ಸಣ್ಣ ಉಳಿತಾಯಕ್ಕೆ ಹೊಸ ದಾರಿಗಳು ತೆರೆದವು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟರು ಮನೆ ಬಾಗಿಲಿಗೆ ಬಂದು ಪಡೆಯುವರು. ದಿನಗೂಲಿಯವರಿಗೆ, ಅಂಗಡಿಯವರಿಗೆ, ಹೋಟೆಲು ಕೆಲಸದವರಿಗೆ ಹೊಂದುವ ಏರ್ಪಾಡು ಇದು. ಪಿಗ್ಮಿ ಎಂಬ ಪದ ಮರಾಠಿಯಲ್ಲಿಯೂ ನೆಲೆಯೂರಿ ಇಂದು ಪುಣೆಯ ಪೇಟೆಗಳಲ್ಲಿ ಸಹಜವಾಗಿ ಬಳಕೆಯಲ್ಲಿದೆ. ಪುಣೆಯಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕ ವಾ.ಗೋ. ಕಾಳೆ ಮತ್ತು ಡಿ.ಕೆ. ಸಾಠೆ ಅವರ ಪ್ರಯತ್ನದಿಂದ ಬ್ಯಾಂಕ್ ಆಫ್ ಮಹಾರಾಷ್ಟ್ರ 1935ರ ಸೆಪ್ಟೆಂಬರಿನಲ್ಲಿ ನೋಂದಣಿಯಾಗಿ 1936ರ ಫೆಬ್ರವರಿಯಲ್ಲಿ ವ್ಯವಹಾರ ಆರಂಭಿಸಿತು. ಅದರ ಅಧಿಕೃತ ಬಂಡವಾಳ ಹತ್ತು ಲಕ್ಷ ರೂಪಾಯಿ. ಸಿಂಡಿಕೇಟ್, ಕೆನರಾ, ಮಹಾರಾಷ್ಟ್ರ ಮೂರೂ 1969ರಲ್ಲಿ ರಾಷ್ಟ್ರೀಕೃತವಾದವು.

ಆದರೂ ಬ್ಯಾಂಕು ಮುಳುಗಿದರೆ ಠೇವಣಿದಾರನ ಗತಿಯೇನು ಎಂಬ ಪ್ರಶ್ನೆಗೆ ಸ್ವಾತಂತ್ರ್ಯ ಬಂದು ಹದಿಮೂರು ವರ್ಷಗಳಾದರೂ ಉತ್ತರವಿರಲಿಲ್ಲ. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕ್ ಮತ್ತು ಅಕೋಲಾದ ಲಕ್ಷ್ಮೀ ಬ್ಯಾಂಕ್ ಕುಸಿದವು. ಆ ಠೇವಣಿದಾರರ ಸಂಕಟದ ನಂತರ, 1962ರ ಜನವರಿ 1ರಿಂದ ಠೇವಣಿ ವಿಮೆ ಜಾರಿಗೆ ಬಂದಿತು. ಆಗ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ದೊರೆಯುತ್ತಿದ್ದ ರಕ್ಷಣೆ 1,500 ರೂಪಾಯಿ. 1993ರಲ್ಲಿ ಅದು ಒಂದು ಲಕ್ಷವಾಯಿತು. ನಂತರ ಇಪ್ಪತ್ತಾರು ವರ್ಷಗಳಿಗೂ ಹೆಚ್ಚು ಕಾಲ ಅಲ್ಲಿಯೇ ನಿಂತು 2020ರ ಫೆಬ್ರವರಿಯಲ್ಲಿ ಐದು ಲಕ್ಷಕ್ಕೆ ಏರಿತು. ಅದಕ್ಕೆ ತುಸು ಮೊದಲು ಮುಂಬಯಿಯ ಒಂದು ದೊಡ್ಡ ಸಹಕಾರಿ ಬ್ಯಾಂಕು ಸಂಕಟಕ್ಕೆ ಸಿಕ್ಕಿತ್ತು. ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಖಾತೆದಾರರು ತಮ್ಮ ಹಣದಲ್ಲಿ 35,000 ರೂಪಾಯಿಗಿಂತ ಹೆಚ್ಚು ತೆಗೆಯದಂತೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿತ್ತು. ನಿವೃತ್ತರು ತಮ್ಮ ಜೀವಮಾನದ ಗಳಿಕೆಗಾಗಿ ಬೀದಿಯಲ್ಲಿ ನಿಂತ ಆ ದಿನಗಳನ್ನು ಕನ್ನಡ ಓದುಗರು ಮರೆತಿರಲಾರರು.

ಪುಣೆಯ ಅನುಭವ ಇದಕ್ಕಿಂತ ದೀರ್ಘವಾದದ್ದು. 1912ರಲ್ಲಿ ಹುಟ್ಟಿದ ರೂಪೀ ಸಹಕಾರಿ ಬ್ಯಾಂಕು ಈ ನಗರದ ಮಧ್ಯಮವರ್ಗದ ಮನೆಮಾತಾಗಿತ್ತು. 2013ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕ್ ಅದರ ಮೇಲೆ ನಿರ್ಬಂಧ ವಿಧಿಸಿತು. ವರ್ಷಗಳು ಉರುಳಿದವು, ಠೇವಣಿದಾರರ ಹಣ ಕಾಗದದ ಮೇಲೆ ಇತ್ತು, ಕೈಗೆ ಬರಲಿಲ್ಲ. ಹಳೆಯ ಕಾನೂನಿನಂತೆ ವಿಮೆಯ ಹಣ ದೊರೆಯಬೇಕಾದರೆ ಬ್ಯಾಂಕಿನ ಪರವಾನಗಿ ರದ್ದಾಗಿ ಅದು ಮುಚ್ಚಬೇಕಿತ್ತು. ನಿರ್ಬಂಧದಲ್ಲಿದ್ದು ಉಸಿರಾಡುತ್ತಿರುವ ಬ್ಯಾಂಕಿನ ಖಾತೆದಾರನಿಗೆ ಅತ್ತ ಬ್ಯಾಂಕೂ ಇಲ್ಲ, ಇತ್ತ ವಿಮೆಯೂ ಇಲ್ಲ. 2021ರಲ್ಲಿ ಕಾನೂನಿಗೆ ತಿದ್ದುಪಡಿ ಬಂದಿತು. ನಿರ್ಬಂಧ ಹೇರಿದ 90 ದಿನಗಳೊಳಗೆ ವಿಮಾಮಿತಿಯವರೆಗಿನ ಹಣ ಕೊಡಬೇಕೆಂದಾಯಿತು. ರೂಪೀ ಬ್ಯಾಂಕಿನ ಠೇವಣಿದಾರರಿಗೆ 2022ರ ಮೇ ತಿಂಗಳ ವೇಳೆಗೆ 700 ಕೋಟಿ ರೂಪಾಯಿಗೂ ಹೆಚ್ಚು ಪಾವತಿಯಾಗಿತ್ತು. ಅದೇ ಆಗಸ್ಟಿನಲ್ಲಿ ಬ್ಯಾಂಕಿನ ಪರವಾನಗಿ ರದ್ದಾಯಿತು. ಠೇವಣಿದಾರರಲ್ಲಿ ನೂರಕ್ಕೆ 99ಕ್ಕಿಂತ ಹೆಚ್ಚು ಮಂದಿಗೆ ಪೂರ್ಣ ಹಣ ದೊರೆಯುವುದೆಂದು ರಿಸರ್ವ್ ಬ್ಯಾಂಕ್ ಆಗ ತಿಳಿಸಿತು. ಅಂಕಿಅಂಶದ ದೃಷ್ಟಿಯಿಂದ ಇದು ಸಮಾಧಾನದ ಮಾತು. ಆದರೆ ಆ ಒಂಬತ್ತು ವರ್ಷಗಳಲ್ಲಿ ಮದುವೆಗಳು, ಕಾಯಿಲೆಗಳು, ಮಕ್ಕಳ ಓದಿನ ಖರ್ಚುಗಳು ಕಾದು ನಿಲ್ಲಲಿಲ್ಲ. ಹಣ ಮರಳುವುದು ಎಷ್ಟು ಮುಖ್ಯವೋ ಬೇಕಾದಾಗ ಮರಳುವುದು ಅಷ್ಟೇ ಮುಖ್ಯ.

ಠೇವಣಿಯ ಚರಿತ್ರೆ ಹೀಗಾದರೆ ಪಾಲುಬಂಡವಾಳದ ಚರಿತ್ರೆಯಲ್ಲಿಯೂ ಇಂಥದೇ ಪಾಠಗಳಿವೆ. ಕಂಪನಿಯ ಷೇರು ಕೊಳ್ಳಲು ಹಣವಾಗಲಿ ತಿಳಿವಾಗಲಿ ಸಾಲದವರಿಗಾಗಿ 1964ರಲ್ಲಿ ಯೂನಿಟ್ ಟ್ರಸ್ಟ್ ತನ್ನ ಮೊದಲ ಯೋಜನೆ 'ಯುಎಸ್-64' ಅನ್ನು ತಂದಿತು. ಒಂದು ಯೂನಿಟ್ಟಿನ ಮುಖಬೆಲೆ ಹತ್ತು ರೂಪಾಯಿ. ದೇಶದಾದ್ಯಂತ ಮಧ್ಯಮವರ್ಗ ಅದನ್ನು ಬಹುತೇಕ ಠೇವಣಿಯೆಂದೇ ಭಾವಿಸಿತು. ಅದು ಯೂನಿಟ್ಟುಗಳನ್ನು ಕೊಳ್ಳುವ, ಮಾರುವ ಬೆಲೆ ಒಳಗಿನ ಆಸ್ತಿಯ ನಿಜವಾದ ಮೌಲ್ಯವನ್ನು ಅನುಸರಿಸುತ್ತಿರಲಿಲ್ಲ. 2001ರ ಜುಲೈಯಲ್ಲಿ ಮಾರಾಟ ಮತ್ತು ಮರುಖರೀದಿಗಳನ್ನು ತಡೆಹಿಡಿದಾಗ ಸತ್ಯ ಹೊರಬಿತ್ತು, ಸರಕಾರ ಕೈಹಿಡಿಯಬೇಕಾಯಿತು. ಮ್ಯೂಚುಯಲ್ ಫಂಡಿನ ಆಸ್ತಿಮೌಲ್ಯವನ್ನು ಇಂದು ನಾವು ದಿನವೂ ನೋಡಬಲ್ಲೆವು. ಆ ಅಂಕಿ ಏರಿಳಿಯುವುದನ್ನು ಕಂಡು ಹೊಸಬರು ಹೆದರುತ್ತಾರೆ. ಏರಿಳಿತವನ್ನು ಕಾಣಿಸುವ ಯೋಜನೆಗಿಂತ ಅದನ್ನು ಮುಚ್ಚಿಡುವ ಯೋಜನೆಗೆ ಹೆದರಬೇಕು ಎಂಬುದು ಯುಎಸ್-64 ಕಲಿಸಿದ ಪಾಠ.

ಪುಣೆಗೆ ತನ್ನದೇ ಷೇರು ವಿನಿಮಯ ಕೇಂದ್ರವೂ ಇತ್ತು. 1982ರಲ್ಲಿ ಆರಂಭವಾದ ಅದು, ಗಣಕಯಂತ್ರದ ಮೂಲಕ ದೇಶವೆಲ್ಲ ಒಂದೇ ಪೇಟೆಯಾದ ಬಳಿಕ ಸೊರಗಿ 2015ರಲ್ಲಿ ಮುಕ್ತಾಯ ಕಂಡಿತು. 1992ರಲ್ಲಿ ಸೆಬಿಗೆ ಶಾಸನಬದ್ಧ ಅಧಿಕಾರ ಬಂದುದು, 1996ರ ಕಾಯಿದೆಯಿಂದ ಷೇರುಗಳು ಕಾಗದದಿಂದ ಬಿಡುಗಡೆ ಹೊಂದಿ ಡಿಮ್ಯಾಟ್ ರೂಪಕ್ಕೆ ಬಂದುದು, 2013ರಿಂದ ಮ್ಯೂಚುಯಲ್ ಫಂಡುಗಳಲ್ಲಿ ಮಧ್ಯವರ್ತಿಯ ದಳ್ಳಾಳಿಯಿಲ್ಲದ ನೇರ ಯೋಜನೆಗಳು ದೊರೆತುದು, ಇವು ಸಣ್ಣ ಹೂಡಿಕೆದಾರನಿಗೆ ಸಿಕ್ಕ ಸವಲತ್ತುಗಳು. ದಳ್ಳಾಳಿಯ ಅಂತರ ಕಿರಿದಲ್ಲ. ತಿಂಗಳಿಗೆ 500 ರೂಪಾಯಿಯಂತೆ ಇಪ್ಪತ್ತು ವರ್ಷ ಕಟ್ಟಿದರೆ ಕಟ್ಟಿದ ಮೊತ್ತ 1,20,000. ವರ್ಷಕ್ಕೆ ಶೇಕಡಾ 10ರಂತೆ ಬೆಳೆದರೆ ಅದು ಸುಮಾರು 3,80,000 ಆಗುತ್ತದೆ. ಶೇಕಡಾ 9ರಂತೆ ಬೆಳೆದರೆ ಸುಮಾರು 3,34,000. ಒಂದು ಶೇಕಡಾ ಎಂದು ನಾವು ಹಗುರವಾಗಿ ಬಿಟ್ಟದ್ದು ನಾಲ್ಕು ವರ್ಷಗಳ ಕಂತಿಗಿಂತಲೂ ಹೆಚ್ಚು. ಈ ದರಗಳು ಲೆಕ್ಕಕ್ಕೆ ಹಿಡಿದವು. ಷೇರುಪೇಟೆ ಯಾವ ದರಕ್ಕೂ ಮಾತು ಕೊಡುವುದಿಲ್ಲ.

ಇನ್ನು ಬೆಲೆಯೇರಿಕೆಯ ಲೆಕ್ಕ. 72ನ್ನು ದರದಿಂದ ಭಾಗಿಸಿದರೆ ಹಣ ಎಷ್ಟು ವರ್ಷಗಳಲ್ಲಿ ಇಮ್ಮಡಿಯಾಗುವುದೆಂದು ಸ್ಥೂಲವಾಗಿ ತಿಳಿಯುತ್ತದೆ. ಶೇಕಡಾ 6ರ ಬಡ್ಡಿಯಲ್ಲಿ ಹನ್ನೆರಡು ವರ್ಷ. ಬೆಲೆಗಳೂ ಶೇಕಡಾ 6ರಂತೆ ಏರಿದರೆ ಅವೂ ಹನ್ನೆರಡು ವರ್ಷಗಳಲ್ಲಿ ಇಮ್ಮಡಿ. ಗಂಟು ದೊಡ್ಡದಾಗಿ ಕಂಡರೂ ಕೊಳ್ಳುವ ಶಕ್ತಿ ಇದ್ದಲ್ಲಿಯೇ ಇರುತ್ತದೆ. ಎಲ್ಲವನ್ನೂ ಠೇವಣಿಯಲ್ಲಿಯೇ ಇಡುವುದು ಸಾಲದು ಎಂಬುದಕ್ಕೆ ಇದೇ ಕಾರಣ. ಎಲ್ಲವನ್ನೂ ಷೇರಿನಲ್ಲಿ ಹೂಡಬಾರದು ಎಂಬುದಕ್ಕೆ ಕಾರಣವನ್ನು ಮೇಲೆಯೇ ಕಂಡಿದ್ದೇವೆ: ಬದುಕಿನ ಖರ್ಚುಗಳು ಪೇಟೆಯ ಚೇತರಿಕೆಗಾಗಿ ಕಾಯುವುದಿಲ್ಲ.

ಈ ಚರಿತ್ರೆಯಿಂದ ಹೊಸಬರು ತೆಗೆದುಕೊಳ್ಳಬಹುದಾದ ಕ್ರಮ ಸರಳವಾದದ್ದು. ಮೊದಲು ಹೆಚ್ಚು ಬಡ್ಡಿಯ ಸಾಲವನ್ನು ತೀರಿಸುವುದು. ಸುಪೆಯ ರೈತರ ಕಷ್ಟಕ್ಕಿಂತ ಇದಕ್ಕೆ ಬೇರೆ ಸಾಕ್ಷಿ ಬೇಡ. ಆಮೇಲೆ ಕೆಲವು ತಿಂಗಳ ಮನೆಖರ್ಚನ್ನು ಅಂಚೆಯಲ್ಲೋ ವಿಮೆಯಿರುವ ಬ್ಯಾಂಕಿನಲ್ಲೋ, ಕೇಳಿದೊಡನೆ ಕೈಗೆ ಬರುವಂತೆ ಇಡುವುದು. ಹತ್ತು ವರ್ಷ ಮುಟ್ಟಬೇಕಾಗಿಲ್ಲದ ಹಣವನ್ನು ಮಾತ್ರ, ಕಂತುಕಂತಾಗಿ, ಹಲವು ಕಂಪನಿಗಳಲ್ಲಿ ಹರಡಿರುವ ಫಂಡಿನಲ್ಲಿ ಹೂಡುವುದು. ಪತಸಂಸ್ಥೆ, ಸೌಹಾರ್ದ ಸಹಕಾರಿ ಮುಂತಾದ ಪತ್ತಿನ ಸಂಘಗಳ ಠೇವಣಿಗೆ ಬ್ಯಾಂಕುಗಳಿಗಿರುವ ಠೇವಣಿ ವಿಮೆ ಇಲ್ಲ ಎಂಬುದನ್ನು ನೆನಪಿಡುವುದು. ಪುಣೆಯವರು ಭಿಶಿ ಎನ್ನುವ, ನಾವು ಚೀಟಿ ಎನ್ನುವ ವ್ಯವಹಾರ ನೋಂದಾಯಿತವಾಗಿದ್ದರೆ ಅದಕ್ಕೆ 1982ರ ಕಾಯಿದೆಯ ಆಸರೆಯುಂಟು. ಗೆಳೆಯರೊಳಗಿನ ಭಿಶಿಗೆ ಆಸರೆ ಗೆಳೆತನವೊಂದೇ. ಹಣವನ್ನು ತಿಂಗಳುಗಳಲ್ಲಿ ಇಮ್ಮಡಿ ಮಾಡುವೆವೆಂದು ಹೇಳುವವರ ಬಾಗಿಲನ್ನು ತುಳಿಯದಿರುವುದು. ಮಹಾರಾಷ್ಟ್ರದಲ್ಲಿ 1999ರ, ಕರ್ನಾಟಕದಲ್ಲಿ 2004ರ ಠೇವಣಿದಾರರ ಹಿತರಕ್ಷಣಾ ಕಾಯಿದೆಗಳು ಇವೆ, ನಿಜ. ಆದರೆ ಅವು ಕೆಲಸಕ್ಕೆ ತೊಡಗುವುದು ಹಣ ಹೋದ ಮೇಲೆ.

ಸಾವಿರ ರೂಪಾಯಿ ಕಳೆದುಕೊಂಡ ಶ್ರೀಮಂತನೂ ಸಾವಿರ ಕಳೆದುಕೊಂಡ ಬಡವನೂ ಲೆಕ್ಕದ ಪುಸ್ತಕದಲ್ಲಿ ಸಮಾನರು, ಬದುಕಿನಲ್ಲಿ ಅಲ್ಲ. ಎರಡನೆಯವನು ಕಳೆದುಕೊಂಡದ್ದು ತಿಂಗಳುಗಟ್ಟಲೆ ಬೇಡವೆಂದು ಬಿಟ್ಟ ಸಣ್ಣ ಸುಖಗಳನ್ನು. ಆದುದರಿಂದ ಸಣ್ಣ ಹಣವನ್ನು ಇಡುವಾಗ ಕೇಳಬೇಕಾದ ಪ್ರಶ್ನೆಗಳು ದೊಡ್ಡ ಹಣದ ಪ್ರಶ್ನೆಗಳಿಗಿಂತ ಕಠಿನವಾಗಿರಬೇಕು: ಇದು ಯಾರ ಕೈಗೆ ಹೋಗುತ್ತಿದೆ, ಅವರು ಅದನ್ನು ಎಲ್ಲಿ ತೊಡಗಿಸುತ್ತಾರೆ, ಮುಳುಗಿದರೆ ಹೊಣೆ ಯಾರದು, ಬೇಕಾದಾಗ ಎಷ್ಟು ದಿನದಲ್ಲಿ ಬರುತ್ತದೆ? ಇವಿಷ್ಟಕ್ಕೂ ಉತ್ತರ ಸಿಕ್ಕ ಮೇಲೆ ಬಡ್ಡಿಯ ದರವನ್ನು ಕೇಳಿದರೆ ತಡವೇನೂ ಆಗುವುದಿಲ್ಲ.